ಬೆಂಗಳೂರಿನ ಬೇಸಗೆಯ ಸಂಗೀತೋತ್ಸವಗಳು: ಕಲಾಪೋಷಣೆಯ ಚರಿತ್ರೆಯಲ್ಲಿ ಅವುಗಳ ಸ್ಥಾನ

ಮೈಸೂರು ಸೀಮೆಯ ಸಂಗೀತದ ಚರಿತ್ರೆಯನ್ನು ಕುರಿತು ಮಾತನಾಡುವಾಗ ಒಂದು ಸರಳವಾದ ಕ್ರಮವನ್ನು ಹೇಳುವುದು ವಾಡಿಕೆಯಾಗಿದೆ. ಮೊದಲು ಅರಮನೆ ಕಲೆಗೆ ಆಶ್ರಯ ಕೊಟ್ಟಿತು. ೧೯೪೭ರಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿದ ಅನಂತರ ರಾಜಾಶ್ರಯವು ಕುಗ್ಗಿತು. ಆಗ ತೆರವಾದ ಸ್ಥಾನವನ್ನು ಸಾರ್ವಜನಿಕ ಸಭೆಗಳೂ ಮಂಡಳಿಗಳೂ ತುಂಬಿದುವು ಎಂಬುದೇ ಆ ಕ್ರಮ. ಈ ವಿವರಣೆಯು ಕೇಳಲು ಸಮಂಜಸವಾಗಿದ್ದರೂ ಕಾಲಾನುಕ್ರಮದ ಪರೀಕ್ಷೆಯಲ್ಲಿ ನಿಲ್ಲಲಾರದು. ಬೆಂಗಳೂರಿನಲ್ಲಿ ಪ್ರತಿವರ್ಷ ಚೈತ್ರಮಾಸದಲ್ಲಿ ನಡೆದುಬಂದಿರುವ ರಾಮೋತ್ಸವದ ಸಂಗೀತ ಕಚೇರಿಗಳನ್ನು ಆಧಾರವಾಗಿಟ್ಟುಕೊಂಡು, ಬಡಾವಣೆಯ ಜನರು ಕಲೆಯ ಪೋಷಕರಾದದ್ದು ಅರಮನೆಯು ಹಿಂದೆಗೆದ ಮೇಲಲ್ಲ, ಅದು ತನ್ನ ಪೂರ್ಣ ವೈಭವದಲ್ಲಿದ್ದಾಗಲೇ ಎಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

೧. ಹಿನ್ನೆಲೆ

ಬೇಸಗೆಯು ನಮ್ಮ ನಾಡಿನಲ್ಲಿ ಬಹುಕಾಲದಿಂದ ಉತ್ಸವಗಳ ಋತು. ಸುಗ್ಗಿ ಮುಗಿದು, ಕಣಜ ತುಂಬಿ, ಮುಂಗಾರಿನ ಬಿತ್ತನೆಗೆ ಇನ್ನೂ ಕೆಲವು ವಾರಗಳಿರುವಾಗ ಒಕ್ಕಲಿಗನಿಗೆ ಬಿಡುವು ದೊರೆಯುತ್ತದೆ. ಅನೇಕ ಜಾತ್ರೆಗಳೂ ರಥೋತ್ಸವಗಳೂ ಈ ಬಿಡುವಿನಲ್ಲಿಯೇ ನೆಲಸಿವೆ. ನಂಜನಗೂಡಿನ ದೊಡ್ಡ ಜಾತ್ರೆ, ಮೇಲುಕೋಟೆಯ ವೈರಮುಡಿ ಇವುಗಳಿಗೆ ಪ್ರಸಿದ್ಧ ನಿದರ್ಶನಗಳು. ವಿಜಯನಗರದ ಕಾಲದಲ್ಲಿ ಹಂಪೆಯ ವಿರೂಪಾಕ್ಷನ ಸನ್ನಿಧಿಯಲ್ಲಿ ವಸಂತೋತ್ಸವವು ನಡೆಯುತ್ತಿದ್ದುದೂ, ಕೃಷ್ಣದೇವರಾಯನ ಸಂಸ್ಕೃತ ನಾಟಕವಾದ ‘ಜಾಂಬವತೀಕಲ್ಯಾಣ’ವು ಅಂತಹ ಉತ್ಸವದಲ್ಲಿ ಪ್ರಯೋಗವಾದುದೂ ವಿದಿತವೇ ಆಗಿದೆ.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ವಿಜಯನಗರದ ಮಹಾನವಮಿಯೂ, ಅದನ್ನು ಅನುಸರಿಸಿ ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ದಸರೆಯೂ ಶರತ್ಕಾಲದ ಹಬ್ಬಗಳು; ಅವು ಸಿಂಹಾಸನದ ಹಬ್ಬಗಳು. ಚೈತ್ರದ ಉತ್ಸವಗಳಾದರೋ ಬಹುಮಟ್ಟಿಗೆ ಊರಿನವು, ದೇವಸ್ಥಾನದವು, ಕುಲದವು. ಅರಸನು ಅವುಗಳಿಗೆ ದತ್ತಿಯನ್ನು ಬಿಡಬಹುದಾಗಿತ್ತು, ಆದರೆ ಅವು ಅವನಿಲ್ಲದೆಯೂ ನಡೆಯಬಲ್ಲವಾಗಿದ್ದುವು. ಬೆಂಗಳೂರಿನ ಜನರು ತಮ್ಮದೇ ಉತ್ಸವವೊಂದನ್ನು ಕಟ್ಟಿಕೊಳ್ಳಲು ಚೈತ್ರವನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ.

ಬೆಂಗಳೂರಿನ ಹಳೆಯ ಪೇಟೆಯಲ್ಲಿ ಈ ಬಗೆಯ ಉತ್ಸವಗಳಲ್ಲಿ ಮುಖ್ಯವಾದುದು ಕರಗ. ಚೈತ್ರ ಶುದ್ಧ ಪೂರ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯನ ಗುಡಿಯಿಂದ ದ್ರೌಪದಿಯ ಕರಗವು ಹೊರಡುತ್ತದೆ. ಕರಗವನ್ನು ಹೊರುವವರು ಸ್ತ್ರೀವೇಷದಲ್ಲಿರುತ್ತಾರೆ; ಹಿರಿದ ಕತ್ತಿಗಳನ್ನು ಹಿಡಿದ ವೀರಕುಮಾರರು ಸುತ್ತುವರಿದು ಸಾಗುತ್ತಾರೆ; ಮೆರವಣಿಗೆಯು ತವಕ್ಕಲ್ ಮಸ್ತಾನರ ದರ್ಗಾದಲ್ಲಿ ನಿಂತು ಗೌರವವನ್ನು ಸಲ್ಲಿಸಿ ಮುಂದುವರಿಯುತ್ತದೆ. ತೋಟಗಾರಿಕೆಯನ್ನು ವೃತ್ತಿಯಾಗಿ ಉಳ್ಳ ತಿಗಳ ಸಮುದಾಯವು ಈ ಉತ್ಸವದ ಹೊಣೆಯನ್ನು ವಂಶಪಾರಂಪರ್ಯವಾಗಿ ಹೊತ್ತುಬಂದಿದೆ. ಯಾರು ಏನು ಮಾಡಬೇಕು, ಯಾವ ಬೀದಿಯಲ್ಲಿ ಸಾಗಬೇಕು ಎಂಬುದೆಲ್ಲ ಹುಟ್ಟಿನಿಂದಲೂ ರೂಢಿಯಿಂದಲೂ ನಿಶ್ಚಿತವಾಗಿದೆ. ಇಲ್ಲಿ ಸದಸ್ಯರ ಪಟ್ಟಿ ಬೇಕಿಲ್ಲ, ವಂತಿಗೆಯ ರಸೀದಿಯೂ ಬೇಕಿಲ್ಲ.

೨. ಬಡಾವಣೆಯ ಉತ್ಸವ

ಪೇಟೆಯ ಹೊರಗೆ ಹುಟ್ಟಿಕೊಂಡ ಬಡಾವಣೆಗಳ ಸ್ಥಿತಿ ಬೇರೆಯಾಗಿತ್ತು. ಚಾಮರಾಜಪೇಟೆಯು ೧೮೯೨ರಲ್ಲಿ ಏರ್ಪಟ್ಟಿತು. ೧೮೯೮ರ ಪ್ಲೇಗಿನ ಹಾವಳಿಯಲ್ಲಿ ಪೇಟೆಯ ಇಕ್ಕಟ್ಟಿನ ಮನೆಗಳು ಅಪಾಯಕರವೆಂದು ಕಂಡುಬಂದ ಮೇಲೆ ಬಸವನಗುಡಿಯೂ ಮಲ್ಲೇಶ್ವರವೂ ರೂಪುಗೊಂಡುವು. ಈ ಬಡಾವಣೆಗಳಿಗೆ ಬಂದವರಲ್ಲಿ ಗುಮಾಸ್ತರು, ಉಪಾಧ್ಯಾಯರು, ವಕೀಲರು, ವ್ಯಾಪಾರಿಗಳು ಮೊದಲಾದವರಿದ್ದರು. ಅವರ ಮನೆದೇವರು ದೂರದ ಹಳ್ಳಿಗಳಲ್ಲಿ ಉಳಿದಿತ್ತು. ಹೊಸ ನೆಲದಲ್ಲಿ ಅವರಿಗೆ ಯಾವ ತೇರಿನ ಹಗ್ಗದ ಹಕ್ಕೂ ಇರಲಿಲ್ಲ. ಒಂದೇ ಬೀದಿಯಲ್ಲಿ ವಾಸಿಸುವುದೇ ಅವರನ್ನು ಕೂಡಿಸುವ ಮುಖ್ಯ ಸಂಬಂಧವಾಗಿತ್ತು.

ಇಂತಹವರಿಗೆ ರಾಮನವಮಿಯು ಬಹಳ ಅನುಕೂಲವಾದ ಹಬ್ಬ. ಅದಕ್ಕೆ ತೇರು ಬೇಡ, ದೊಡ್ಡ ದೇವಾಲಯ ಬೇಡ. ಒಂದು ಪಟ, ರಾಮಾಯಣದ ಪಾರಾಯಣ, ಭಜನೆ, ಪಾನಕ, ಕೋಸಂಬರಿ, ನೀರುಮಜ್ಜಿಗೆ ಇಷ್ಟಿದ್ದರೆ ಸಾಕು. ಯುಗಾದಿಯಿಂದ ನವಮಿಯವರೆಗಿನ ಒಂಬತ್ತು ದಿನಗಳನ್ನೂ ಉತ್ಸವವಾಗಿ ಆಚರಿಸುವ ಪದ್ಧತಿ ಇದ್ದುದರಿಂದ, ಸಂಜೆಯ ಹರಿಕಥೆಗೂ ಗಾಯನಕ್ಕೂ ತಾನಾಗಿಯೇ ಅವಕಾಶ ದೊರೆಯಿತು. ಮೈಸೂರಿನಲ್ಲಿ ಆಸ್ಥಾನ ವಿದ್ವಾಂಸರಾಗಿದ್ದ ಬಿಡಾರಂ ಕೃಷ್ಣಪ್ಪನವರು (೧೮೬೬–೧೯೩೧) ಪ್ರಸನ್ನ ಸೀತಾರಾಮ ಮಂದಿರವನ್ನು ಕಟ್ಟಿಸಿ, ರಾಮೋತ್ಸವದ ಸಂಗೀತಕ್ಕೆ ಒಂದು ನೆಲೆಯನ್ನು ಒದಗಿಸಿದರು. ದಾಸರ ದೇವರನಾಮಗಳಿಗೆ ಕಚೇರಿಯಲ್ಲಿ ಗೌರವದ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಅವರು ಅಗ್ರಗಣ್ಯರು. ಅರಮನೆಯ ಸಂಬಳವನ್ನು ಪಡೆಯುತ್ತಿದ್ದ ವಿದ್ವಾಂಸರೇ ಅರಮನೆಯ ಹೊರಗೆ ಒಂದು ವೇದಿಕೆಯನ್ನು ನಿರ್ಮಿಸಿದರು ಎಂಬ ಸಂಗತಿಯು ನಮ್ಮ ವಿಷಯಕ್ಕೆ ಬಹಳ ಮುಖ್ಯವಾದುದು.

ಬೆಂಗಳೂರಿನಲ್ಲಿ ೧೯೦೫ರಲ್ಲಿಯೇ ಗಾಯನ ಸಮಾಜವು ಸ್ಥಾಪಿತವಾಗಿತ್ತು. ೧೯೩೦ರ ದಶಕದ ಕೊನೆಯಲ್ಲಿ ಎಸ್. ವಿ. ನಾರಾಯಣಸ್ವಾಮಿ ರಾಯರು, ಆಗಿನ್ನೂ ಹದಿವಯಸ್ಸಿನವರು, ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿಯನ್ನು ಆರಂಭಿಸಿದರು. ಬೀದಿಯ ಹುಡುಗರ ಉತ್ಸವವಾಗಿ ಹುಟ್ಟಿದ ಇದು ಬೆಳೆದು ಕೋಟೆ ಹೈಸ್ಕೂಲಿನ ಮೈದಾನಕ್ಕೆ ಬಂದಿತು. ಒಂಬತ್ತು ದಿನಗಳ ಎಲ್ಲೆಯನ್ನು ಮೀರಿ ಒಂದು ತಿಂಗಳಿಗೂ ಹೆಚ್ಚು ಕಾಲ ನಡೆಯುವ ಸಂಗೀತೋತ್ಸವವಾಯಿತು. ಟಿ. ಚೌಡಯ್ಯನವರು, ಚೆಂಬೈ ವೈದ್ಯನಾಥ ಭಾಗವತರು, ಎಂ. ಎಸ್. ಸುಬ್ಬುಲಕ್ಷ್ಮಿಯವರು ಮೊದಲಾದ ದಿಗ್ಗಜರು ಈ ಪೆಂಡಾಲಿನಲ್ಲಿ ಸಹಸ್ರಾರು ಶ್ರೋತೃಗಳ ಮುಂದೆ ಸಂಗೀತವನ್ನು ನಡೆಸಿಕೊಟ್ಟರು. ನಗರದ ಇತರ ಬಡಾವಣೆಗಳಲ್ಲಿಯೂ ಇದೇ ಮಾದರಿಯ ಸಮಿತಿಗಳು ಕಾಲಕ್ರಮದಲ್ಲಿ ಹುಟ್ಟಿಕೊಂಡುವು.

೩. ಉತ್ಸವವನ್ನು ಸಾಧ್ಯಗೊಳಿಸಿದ ಕಾರಣಗಳು

ಭಕ್ತಿಯೊಂದನ್ನೇ ಕಾರಣವಾಗಿ ಹೇಳಿದರೆ ಈ ಬೆಳೆವಣಿಗೆಯು ಅರ್ಥವಾಗುವುದಿಲ್ಲ. ಅದಕ್ಕೆ ಲೌಕಿಕವಾದ ಕಾರಣಗಳು ಕೆಲವಿದ್ದುವು.

ಮೊದಲನೆಯದು ಶಾಲೆಯ ಪಂಚಾಂಗ. ಹಳ್ಳಿಯ ಜಾತ್ರೆಯು ಬೇಸಾಯದ ಬಿಡುವನ್ನು ಅನುಸರಿಸಿದಂತೆ, ಬಡಾವಣೆಯ ಉತ್ಸವವು ಬೇಸಗೆಯ ರಜವನ್ನು ಅನುಸರಿಸಿತು. ಪರೀಕ್ಷೆಗಳು ಮುಗಿದಿರುತ್ತವೆ, ಮಕ್ಕಳೊಡನೆ ಮನೆಮಂದಿಯೆಲ್ಲ ಸಂಜೆ ಹೊರಡಬಹುದು, ಎಲ್ಲಕ್ಕಿಂತ ಹೆಚ್ಚಾಗಿ, ಶಾಲೆಯ ವಿಶಾಲವಾದ ಮೈದಾನವು ಬರಿದಾಗಿರುತ್ತದೆ. ಸಭಾಭವನವನ್ನು ಕಟ್ಟಿಸುವ ಶಕ್ತಿ ಇಲ್ಲದ ಸಮಿತಿಗಳಿಗೆ ಈ ಮೈದಾನಗಳೇ ಸಭಾಭವನವಾದುವು. ಚೌಡಯ್ಯನವರ ಹೆಸರಿನಲ್ಲಿ ಪಿಟೀಲಿನ ಆಕಾರದ ಭವನವು ಬೆಂಗಳೂರಿನಲ್ಲಿ ನಿರ್ಮಾಣವಾದುದು ೧೯೮೦ರಲ್ಲಿ; ಅದಕ್ಕೆ ನಾಲ್ಕು ದಶಕಗಳ ಮೊದಲೇ ತೆಂಗಿನ ಗರಿಯ ಚಪ್ಪರವು ಆ ಕೆಲಸವನ್ನು ಮಾಡುತ್ತಿತ್ತು.

ಎರಡನೆಯದು ವಿದ್ಯುಚ್ಛಕ್ತಿ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ವಿದ್ಯುದುತ್ಪಾದನೆಯು ಆರಂಭವಾಗಿ, ೧೯೦೫ರಲ್ಲಿ ಬೆಂಗಳೂರಿಗೆ ದೀಪಗಳು ಬಂದುವು. ದೀಪವಿದ್ದರೆ ರಾತ್ರಿಯ ಕೂಟವು ಸುಲಭ. ಅನಂತರ ಬಂದ ಧ್ವನಿವರ್ಧಕವು ಕಚೇರಿಯ ಸ್ವರೂಪವನ್ನೇ ಬದಲಾಯಿಸಿತು. ಅರಮನೆಯ ತೊಟ್ಟಿಯಲ್ಲಿಯೋ ಶ್ರೀಮಂತರ ಹಜಾರದಲ್ಲಿಯೋ ವೀಣೆಯ ನಾದವು ಕೆಲವೇ ಜನರಿಗೆ ಕೇಳಿಸುತ್ತಿತ್ತು. ಧ್ವನಿವರ್ಧಕದ ನೆರವಿನಿಂದ ಅದು ಮೈದಾನದ ಕಟ್ಟಕಡೆಯ ಸಾಲಿಗೂ, ಬೇಲಿಯಾಚೆಯ ರಸ್ತೆಗೂ ಮುಟ್ಟಿತು.

ಮೂರನೆಯದು ಹವೆ ಮತ್ತು ಸಂಚಾರ. ಸಮುದ್ರಮಟ್ಟಕ್ಕಿಂತ ಸುಮಾರು ೩,೦೦೦ ಅಡಿ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಬೇಸಗೆಯ ಸಂಜೆಗಳು ಹಿತವಾಗಿರುತ್ತವೆ. ೧೮೬೪ರಿಂದ ಮದರಾಸಿನೊಡನೆ ರೈಲಿನ ಸಂಪರ್ಕವಿತ್ತು. ಮದರಾಸಿನ ಕಚೇರಿಗಳ ಕಾಲವು ಡಿಸೆಂಬರಿನದು. ಏಪ್ರಿಲ್ ಮೇ ತಿಂಗಳುಗಳ ಸೆಕೆಯಲ್ಲಿ ಅಲ್ಲಿನ ವಿದ್ವಾಂಸರಿಗೆ ಬೆಂಗಳೂರಿನ ಕರೆಯು ಒಪ್ಪಿಗೆಯಾಗುವಂತಹುದೇ. ಒಂದೇ ಒಂದು ಶತ್ರುವೆಂದರೆ ಇದ್ದಕ್ಕಿದ್ದಂತೆ ಸುರಿಯುವ ಗುಡುಗುಮಳೆ.

೪. ಕಾಲಾನುಕ್ರಮದ ಸಾಕ್ಷ್ಯ

ಈಗ ಆರಂಭದ ಪ್ರಶ್ನೆಗೆ ಹಿಂದಿರುಗಬಹುದು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೦೨ರಲ್ಲಿ ರಾಜ್ಯಾಧಿಕಾರವನ್ನು ವಹಿಸಿಕೊಂಡು ೧೯೪೦ರವರೆಗೆ ಆಳಿದರು. ವೀಣೆ ಶೇಷಣ್ಣನವರು, ಮೈಸೂರು ವಾಸುದೇವಾಚಾರ್ಯರು, ಮುತ್ತಯ್ಯ ಭಾಗವತರು ಇವರೆಲ್ಲ ಆ ಆಸ್ಥಾನವನ್ನು ಬೆಳಗಿದವರು. ಅವರ ಅನಂತರ ಬಂದ ಜಯಚಾಮರಾಜ ಒಡೆಯರು ಸ್ವತಃ ವಾಗ್ಗೇಯಕಾರರು. ಗಾಯನ ಸಮಾಜದ ಸ್ಥಾಪನೆಯೂ, ಬಿಡಾರಂ ಕೃಷ್ಣಪ್ಪನವರ ಮಂದಿರವೂ, ಚಾಮರಾಜಪೇಟೆಯ ಮಂಡಳಿಯ ಆರಂಭವೂ ನಾಲ್ವಡಿಯವರ ಆಳ್ವಿಕೆಯಲ್ಲಿಯೇ ನಡೆದುವು. ರಾಜಾಶ್ರಯವು ಬತ್ತಿದುದರಿಂದ ಜನಾಶ್ರಯವು ಹುಟ್ಟಿತು ಎಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಎರಡು ಆಶ್ರಯಗಳೂ ಬಹುಕಾಲ ಜೊತೆಜೊತೆಯಾಗಿ ಇದ್ದುವು.

೧೯೪೭ರ ಬಳಿಕ ಆದುದೇನೆಂದರೆ, ಮೊದಲೇ ಬೇರುಬಿಟ್ಟಿದ್ದ ಗಿಡವು ಹೆಮ್ಮರವಾಯಿತು. ೧೯೪೦ರಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯೂ, ೧೯೪೮ರಲ್ಲಿ ಭಾರತೀಯ ದೂರವಾಣಿ ಕಾರ್ಖಾನೆಯೂ, ೧೯೫೩–೫೪ರಲ್ಲಿ ಎಚ್. ಎಂ. ಟಿ. ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳೂ ನಗರಕ್ಕೆ ಬಂದುವು. ೧೯೪೧ರ ಜನಗಣತಿಯಲ್ಲಿ ಸುಮಾರು ೪ ಲಕ್ಷವಾಗಿದ್ದ ಬೆಂಗಳೂರಿನ ಜನಸಂಖ್ಯೆಯು ೧೯೫೧ರಲ್ಲಿ ಸುಮಾರು ೭ ಲಕ್ಷ ೮೦ ಸಾವಿರಕ್ಕೆ ಏರಿತು. ತಿಂಗಳ ಸಂಬಳವನ್ನು ಪಡೆಯುವ ಕುಟುಂಬಗಳು ಹೆಚ್ಚಿದಂತೆ, ವಂತಿಗೆ ಕೊಡುವವರೂ ಕಚೇರಿಗೆ ಬಂದು ಕೂರುವವರೂ ಹೆಚ್ಚಿದರು.

ಆಶ್ರಯದಾತನು ಬದಲಾದಾಗ ಕಲೆಯ ನಡೆಯೂ ಬದಲಾಗುತ್ತದೆ. ಅರಮನೆಯಲ್ಲಿ ವಿದ್ವಾಂಸನು ಒಬ್ಬ ಪ್ರಭುವಿನ ಅಭಿರುಚಿಯನ್ನು ಅರಿತಿದ್ದರೆ ಸಾಕಾಗಿತ್ತು. ಸಮ್ಮಾನವು ಶಾಲು ಜೋಡಿಯ ರೂಪದಲ್ಲಿಯೋ ತೋಡದ ರೂಪದಲ್ಲಿಯೋ ಬರುತ್ತಿತ್ತು. ಪೆಂಡಾಲಿನಲ್ಲಿಯಾದರೋ ರಾಗಾಲಾಪನೆಯ ಸೂಕ್ಷ್ಮಗಳನ್ನು ಬಲ್ಲ ರಸಿಕನ ಪಕ್ಕದಲ್ಲಿಯೇ, ದೇವರನಾಮವನ್ನು ಕೇಳಲೆಂದು ಕಾದು ಕುಳಿತ ಮುದುಕಿಯೂ ಇರುತ್ತಾಳೆ. ಇಬ್ಬರನ್ನೂ ತೃಪ್ತಿಪಡಿಸುವುದು ಹೊಸ ಬಗೆಯ ವಿದ್ವತ್ತನ್ನು ಬೇಡುವ ಕೆಲಸ.

೫. ‘ಸಾರ್ವಜನಿಕ’ ಎಂಬುದರ ಮಿತಿ

ಹೀಗೆಂದ ಮಾತ್ರಕ್ಕೆ ಈ ಉತ್ಸವಗಳನ್ನು ಸರ್ವಸಮಾನತೆಯ ಕೂಟಗಳೆಂದು ಹೊಗಳುವುದು ಚರಿತ್ರಕಾರನಿಗೆ ಸಲ್ಲದು. ವಂತಿಗೆಯ ಉತ್ಸವದಲ್ಲಿ ಕೊಟ್ಟವರಿಗೆ ಮುಂದಿನ ಸಾಲು, ಕೊಡಲಾರದವರಿಗೆ ಬೇಲಿಯಾಚೆಯ ರಸ್ತೆ ಎಂಬ ಭೇದವು ಇದ್ದೇ ಇರುತ್ತದೆ. ಸಮಿತಿಗಳ ಮುಂದಾಳುತನವು ಬಹುಪಾಲು ವಿದ್ಯಾವಂತರಾದ ಕೆಲವೇ ವರ್ಗಗಳ ಕೈಯಲ್ಲಿತ್ತು. ಸಾರ್ವಜನಿಕ ಉತ್ಸವವು ಯಾರದು ಎಂಬ ಪ್ರಶ್ನೆಯು ಕಲಹಕ್ಕೂ ಎಡೆಗೊಟ್ಟಿತ್ತು. ೧೯೨೮ರಲ್ಲಿ ಸುಲ್ತಾನಪೇಟೆಯ ಶಾಲೆಯೊಂದರ ಗಣಪತಿಯ ಸಂಬಂಧದಲ್ಲಿ ಬೆಂಗಳೂರಿನಲ್ಲಿ ಗಲಭೆಯಾಗಿ, ಅದರ ವಿಚಾರಣೆಗಾಗಿ ಸರ್. ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿಯು ನೇಮಕವಾದುದನ್ನು ಮರೆಯಲಾಗದು.

ಚೈತ್ರ ಶುದ್ಧ ನವಮಿಗೂ ಪೂರ್ಣಿಮೆಗೂ ನಡುವೆ ಇರುವುದು ಆರು ದಿನಗಳು ಮಾತ್ರ. ಕೋಟೆ ಹೈಸ್ಕೂಲಿನ ಮೈದಾನಕ್ಕೂ ಧರ್ಮರಾಯನ ಗುಡಿಗೂ ಇರುವ ದೂರವೂ ಅಲ್ಪವೇ. ಒಂದೇ ವಾರದಲ್ಲಿ, ಒಂದೇ ನಗರದಲ್ಲಿ, ಹುಟ್ಟಿನ ಹಕ್ಕಿನಿಂದ ನಡೆಯುವ ಉತ್ಸವವೊಂದು, ವಂತಿಗೆಯ ಪಟ್ಟಿಯಿಂದ ನಡೆಯುವ ಉತ್ಸವವೊಂದು! ಸಂಗೀತದ ಚರಿತ್ರೆಯನ್ನು ಬರೆಯುವವರು ಕರಗದ ಕಡೆಗೆ ತಿರುಗಿ ನೋಡುವುದು ವಿರಳ; ಜಾನಪದವನ್ನು ಬರೆಯುವವರು ಕಚೇರಿಯ ಕಡೆಗೆ ನೋಡುವುದೂ ವಿರಳ. ಎರಡನ್ನೂ ಒಟ್ಟಿಗೆ ಓದಿದಾಗಲೇ ನಗರದ ಸಮಾಜವು ನಮಗೆ ಕಾಣಿಸುವುದು.

೬. ಆಕರಗಳ ರಕ್ಷಣೆ

ಕೊನೆಯದಾಗಿ ಆಕರಗಳ ಮಾತು. ಅರಮನೆಯ ಕಡತಗಳು ಸರ್ಕಾರದ ರಕ್ಷಣೆಯಲ್ಲಿವೆ. ಯಾವ ವಿದ್ವಾಂಸರಿಗೆ ಎಷ್ಟು ಸಂಬಳವಿತ್ತೆಂಬುದನ್ನು ಅವುಗಳಿಂದ ತಿಳಿಯಬಹುದು. ಬಡಾವಣೆಯ ಸಮಿತಿಗಳಿಗೆ ಅಂತಹ ಭಂಡಾರವಿಲ್ಲ. ಅವುಗಳ ಆಹ್ವಾನಪತ್ರಿಕೆಗಳು, ವಂತಿಗೆಯ ರಸೀದಿಪುಸ್ತಕಗಳು, ಜಮಾಖರ್ಚಿನ ಲೆಕ್ಕಗಳು, ಮೈದಾನದ ಅನುಮತಿಗಾಗಿ ಬರೆದ ಅರ್ಜಿಗಳು, ಛಾಯಾಚಿತ್ರಗಳು, ಧ್ವನಿಮುದ್ರಣದ ಸುರುಳಿಗಳು ಯಾರದೋ ಮನೆಯ ಅಟ್ಟದಲ್ಲಿರುತ್ತವೆ. ಹಳೆಯ ಮನೆಯನ್ನು ಕೆಡವಿ ಬಹುಮಹಡಿಯ ಕಟ್ಟಡವನ್ನು ಎಬ್ಬಿಸುವಾಗ ಅವು ಹಳೆಯ ಕಾಗದದ ವ್ಯಾಪಾರಿಯ ಪಾಲಾಗುತ್ತವೆ. ಪ್ಲೇಗಿನಿಂದ ಬೆಳೆದ ಬಡಾವಣೆಗಳಲ್ಲಿ, ೨೦೨೦ರ ಚೈತ್ರದಲ್ಲಿ ಇನ್ನೊಂದು ಪಿಡುಗಿನ ದೆಸೆಯಿಂದ ಸಭಿಕರು ಕೂಡುವ ಕಚೇರಿಗಳು ನಿಂತುಹೋದುವು. ಸದಾ ನಡೆಯುವುದೆಂದು ನಂಬಿದ್ದ ಉತ್ಸವವೂ ಒಂದು ವರ್ಷ ನಿಲ್ಲಬಹುದೆಂಬುದು ಆಗ ಎಲ್ಲರಿಗೂ ತಿಳಿಯಿತು. ಆಚರಣೆಯು ಮತ್ತೆ ಆರಂಭವಾಗಬಹುದು. ಕಳೆದ ಕಾಗದವು ಮರಳಿ ಬಾರದು.

ಕಾಲೇಜುಗಳ ಇತಿಹಾಸ ವಿಭಾಗಗಳು ಈ ಕಾರ್ಯವನ್ನು ಕೈಗೊಳ್ಳಬಹುದು. ಒಬ್ಬೊಬ್ಬ ವಿದ್ಯಾರ್ಥಿಯು ತನ್ನ ಬಡಾವಣೆಯ ಒಂದು ಸಮಿತಿಯನ್ನು ಆರಿಸಿಕೊಂಡು, ದೊರೆತ ಆಹ್ವಾನಪತ್ರಿಕೆಗಳನ್ನು ವರ್ಷಾನುಕ್ರಮದಲ್ಲಿ ಜೋಡಿಸಿ ಪ್ರತಿಯನ್ನು ತೆಗೆದಿಡಲಿ. ವಿದ್ವಾಂಸರ ಹೆಸರುಗಳಿಂದ ಅಭಿರುಚಿಯ ಬದಲಾವಣೆಯೂ, ದಾನಿಗಳ ಪಟ್ಟಿಯಿಂದ ಆಶ್ರಯದ ಬದಲಾವಣೆಯೂ, ಲೆಕ್ಕದ ಪುಸ್ತಕದಿಂದ ಚಪ್ಪರಕ್ಕೂ ಧ್ವನಿವರ್ಧಕಕ್ಕೂ ತಗಲಿದ ವೆಚ್ಚವೂ ತಿಳಿದುಬರುವುವು. ಬೀದಿಯ ವ್ಯಕ್ತಿಗಳು ಕೊಡುತ್ತಿದ್ದ ವಂತಿಗೆಯ ಸ್ಥಾನಕ್ಕೆ ಬ್ಯಾಂಕುಗಳ, ದೊಡ್ಡ ಸಂಸ್ಥೆಗಳ ಪ್ರಾಯೋಜನೆಯು ಯಾವ ವರ್ಷಗಳಲ್ಲಿ ಬಂದಿತೆಂಬುದನ್ನೂ ಇವುಗಳಿಂದಲೇ ನಿರ್ಣಯಿಸಬೇಕು. ಈ ಕೆಲಸವು ನಡೆಯದೆ ಹೋದರೆ, ನಮ್ಮ ಸಂಗೀತದ ಚರಿತ್ರೆಯು ಅರಮನೆಯ ಕಡತಗಳಿಂದಲೇ ಬರೆದ ಚರಿತ್ರೆಯಾಗಿ ಉಳಿಯುವುದು. ಕಲೆಯನ್ನು ಸಾಕಿದವರಲ್ಲಿ ಅರಸರ ಹೆಸರು ಮಾತ್ರ ಉಳಿದು, ಎರಡಾಣೆ ನಾಲ್ಕಾಣೆ ಕೊಟ್ಟು ಚಪ್ಪರವನ್ನು ಹಾಕಿಸಿದವರ ಹೆಸರು ಅಳಿಸಿಹೋಗುವುದು.