ತಳಿರ ಕೊಂಬೆ, ತುಂಬಿದ ಕೊಡ

ಮನೆಯ ಅಲಂಕಾರದ ಮಾತು ಬಂದಾಗ ವಿದ್ಯಾವಂತ ಕುಟುಂಬಗಳಲ್ಲಿ ಒಂದು ಅಭಿಪ್ರಾಯವು ಕೇಳಿಬರುವುದುಂಟು. ಮರದ ಕೊಂಬೆಯೊಂದನ್ನು ಕೊಯ್ದು ತಂದು, ಪಾತ್ರೆಯ ನೀರಿನಲ್ಲಿ ನಿಲ್ಲಿಸಿ, ಅದರ ಚೆಲುವನ್ನು ನೋಡಿ ಸಂತೋಷಪಡುವ ಕಲೆ ನಮ್ಮದಲ್ಲವೆಂದೂ, ಅದು ಜಪಾನಿನಿಂದಲೋ ಆಂಗ್ಲರ ಬಂಗಲೆಗಳಿಂದಲೋ ಇಲ್ಲಿಗೆ ಬಂದುದೆಂದೂ, ನಮ್ಮ ಹಿರಿಯರಿಗೆ ಎಲೆಯೆಂದರೆ ಪೂಜಾಸಾಮಗ್ರಿ, ಕೊಂಬೆಯೆಂದರೆ ಸೌದೆ, ಇಷ್ಟೇ ಎಂದೂ ಹೇಳುವರು. ಇದಕ್ಕೆ ಸಾಕ್ಷಿಯಾಗಿ 'ಹೂದಾನಿ' ಎಂಬ ಮಾತನ್ನೇ ಎತ್ತಿ ತೋರಿಸಬಹುದು. 'ಹೂ' ಎಂಬುದು ಅಚ್ಚಗನ್ನಡ. 'ದಾನಿ' ಎಂಬ ಬಾಲವು ಅತ್ತರುದಾನಿ, ಪೀಕದಾನಿಗಳಲ್ಲಿರುವಂತೆ ಪಾರಸಿಯದು. ಇಟ್ಟುಕೊಳ್ಳುವ ಪಾತ್ರೆ ಎಂದು ಅದರ ಅರ್ಥ. ಆದರೆ ಹೆಸರು ಹೊರಗಿನಿಂದ ಬಂದ ಮಾತ್ರಕ್ಕೆ ವಸ್ತುವೂ ಹೊರಗಿನದೇ ಆಗಬೇಕೆಂಬ ನಿಯಮವಿಲ್ಲ. ಈ ವಿಷಯದಲ್ಲಿ ನಮ್ಮ ಜಿಲ್ಲೆಯ ಕಲ್ಲುಗಳೂ ನಮ್ಮ ಮನೆಗಳ ಹೊಸ್ತಿಲುಗಳೂ ಏನು ಸಾಕ್ಷ್ಯ ನುಡಿಯುತ್ತವೆಂಬುದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಪಾತ್ರೆಯನ್ನು ನೋಡೋಣ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ನಾಲ್ಕು ತಾಲ್ಲೂಕುಗಳಲ್ಲಿ ಯಾವ ಊರಿಗೆ ಹೋದರೂ ಶುಭಕಾರ್ಯದ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಕಲಶ: ಚೆಂಬಿನ ತುಂಬ ನೀರು, ಬಾಯಲ್ಲಿ ಮಾವಿನ ತಳಿರು, ಅದರ ಮೇಲೆ ತೆಂಗಿನಕಾಯಿ. ಶಾಸ್ತ್ರವನ್ನು ಬಲ್ಲವರು ಕಲಶಕ್ಕೆ ಪಂಚಪಲ್ಲವಗಳನ್ನು ವಿಧಿಸುವರು. ಅವು ಮಾವು, ಅರಳಿ, ಆಲ, ಬಸರಿ, ಅತ್ತಿ ಎಂಬ ಐದು ಮರಗಳ ಚಿಗುರುಗಳು. ಇವುಗಳಲ್ಲಿ ಮಾವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಒಂದೇ ಕುಲದ ಹಾಲುಮರಗಳೆಂಬುದನ್ನು ಗಮನಿಸಬೇಕು. ನೀರು ತುಂಬಿದ ಪಾತ್ರೆ, ಅದರಲ್ಲಿ ನಿಂತ ಹಸಿರು ಚಿಗುರು: ಹೂದಾನಿಯ ಲಕ್ಷಣವೆಲ್ಲ ಇಲ್ಲಿಯೇ ಉಂಟಷ್ಟೆ.

ಈ ಕಲ್ಪನೆಯು ಬಹು ಪ್ರಾಚೀನವಾದುದು. ಕ್ರಿಸ್ತಪೂರ್ವ ಎರಡನೆಯ ಶತಮಾನದ ಭಾರಹುತದ ಶಿಲ್ಪಗಳಲ್ಲಿ ಕೊಡದ ಬಾಯಿಂದ ತಾವರೆಯ ಹೂವೂ ಮೊಗ್ಗೂ ಎಲೆಯೂ ಉಕ್ಕಿ ಬರುತ್ತಿರುವ ಚಿತ್ರವುಂಟು. ಸಾಂಚಿಯಲ್ಲಿಯೂ ಅಮರಾವತಿಯಲ್ಲಿಯೂ ಅದೇ ಪೂರ್ಣಘಟವು ಕಾಣಬರುವುದು. ಗುಪ್ತರ ಕಾಲದ ಶಿಲ್ಪಿಗಳು ಅದನ್ನು ಕಂಬದ ಬೋದಿಗೆಗೆ ಏರಿಸಿ, ಕಲ್ಲಿನ ಕೊಡದ ಅಂಚಿನಿಂದ ಕಲ್ಲಿನ ಎಲೆಗಳು ಬಾಗಿ ಇಳಿಯುವಂತೆ ಕೆತ್ತಿದರು. ನಮ್ಮ ಹೊಯ್ಸಳ ದೇವಾಲಯಗಳ ಶಿಖರದ ತುದಿಯಲ್ಲಿಯೂ ಕಲಶವೇ ಇರುವುದನ್ನು ಎಲ್ಲರೂ ಬಲ್ಲರು. ಮನೆಯೊಡತಿಯು ಮಣೆಯ ಮೇಲಿಟ್ಟ ಚೆಂಬಿಗೂ ಗೋಪುರದ ತುದಿಯ ಕಲ್ಲಿನ ಕಲಶಕ್ಕೂ ಮೂಲವು ಒಂದೇ.

ಇನ್ನು ತೋರಣ. ಈ ಮಾತು ಮೊದಲು ಹೆಬ್ಬಾಗಿಲಿಗೆ ಸಲ್ಲುತ್ತಿತ್ತು. ಸಾಂಚಿಯ ಸ್ತೂಪದ ನಾಲ್ಕು ದಿಕ್ಕಿನ ಕಲ್ಲಿನ ಬಾಗಿಲುಗಳಿಗೆ ಇಂದಿಗೂ ತೋರಣವೆಂದೇ ಹೆಸರು. ಅವು ಮರದ ಬಾಗಿಲುಗಳ ಅನುಕರಣವೆಂದು ವಿದ್ವಾಂಸರು ನಿರ್ಣಯಿಸಿರುವರು. ಕಾಲಕ್ರಮದಲ್ಲಿ ಕನ್ನಡಿಗರ ಬಾಯಲ್ಲಿ ಆ ಮಾತು ಬಾಗಿಲನ್ನು ಬಿಟ್ಟು ಬಾಗಿಲಿಗೆ ಕಟ್ಟುವ ಎಲೆಗಳ ಸಾಲಿಗೆ ನಿಂತಿತು. ಅರಸನು ಪುರವನ್ನು ಹೊಗುವಾಗ ಪ್ರಜೆಗಳು ಗುಡಿತೋರಣಗಳನ್ನು ಕಟ್ಟುವ ವರ್ಣನೆಯು ನಮ್ಮ ಹಳೆಯ ಕಾವ್ಯಗಳಲ್ಲಿ ಮೇಲಿಂದಮೇಲೆ ಬರುವುದು. ಹೊಯ್ಸಳ ಶಿಲ್ಪಿಗಳು ಇದಕ್ಕೆ ಇನ್ನೊಂದು ರೂಪವನ್ನು ಕೊಟ್ಟರು. ಬಾಗಿಲುವಾಡದ ಮೇಲೆ ಎರಡು ಮಕರಗಳ ನಡುವೆ ತೂಗುವ ಮಕರತೋರಣವು ಆ ರೂಪ. ಬಾಗಿಲಿನ ಮೇಲೆ ಒಂದು ಬಳ್ಳಿಯೋ ಮಾಲೆಯೋ ತೂಗಬೇಕೆಂಬ ಆಸೆ ಅಷ್ಟು ಬೇರೂರಿದ್ದುದರಿಂದಲೇ ಅದು ಕಲ್ಲಿನಲ್ಲಿಯೂ ಮೂಡಿತು.

ಕೊಂಬೆಯ ಕಥೆಯು ಇವೆರಡಕ್ಕಿಂತಲೂ ಸ್ವಾರಸ್ಯವಾದುದು. ಕ್ರಿ. ಶ. 1117ರಲ್ಲಿ ವಿಷ್ಣುವರ್ಧನನು ಕಟ್ಟಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಹೊರಮೈಯಲ್ಲಿ ಸೂರಿನ ಕೆಳಗೆ 38 ಮದನಿಕೆಯರ ವಿಗ್ರಹಗಳಿವೆ. ಅವರ ನಾಟ್ಯಭಂಗಿಯನ್ನೂ ಆಭರಣಗಳನ್ನೂ ಹೊಗಳದವರಿಲ್ಲ. ಅವರ ತಲೆಯ ಮೇಲೆ ಚಪ್ಪರದಂತೆ ಹಬ್ಬಿರುವ ಎಲೆ-ಹೂ-ಹಣ್ಣುಗಳನ್ನು ನಿಂತು ನೋಡುವವರು ಕಡಮೆ. ಈ ಜಾತಿಯ ವಿಗ್ರಹಗಳಿಗೆ 'ಶಾಲಭಂಜಿಕೆ' ಎಂಬ ಹೆಸರು ಪ್ರಸಿದ್ಧವಾಗಿದೆ. ಶಾಲವೃಕ್ಷದ ಕೊಂಬೆಯನ್ನು ಮುರಿಯುವವಳು ಎಂಬುದೇ ಅದರ ಅರ್ಥ. ಪೂರ್ವದೇಶದವರ ಕ್ರೀಡೆಗಳ ಹೆಸರುಗಳ ಬಗೆಗೆ ಪಾಣಿನಿಯು ಒಂದು ಸೂತ್ರವನ್ನೇ ರಚಿಸಿರುವನು; ಅದರ ವ್ಯಾಖ್ಯಾನಕಾರರು ಕೊಡುವ ಉದಾಹರಣೆಗಳಲ್ಲಿ ಶಾಲಭಂಜಿಕೆಯೂ ಒಂದು. ಶಾಲವು ಹೂಬಿಟ್ಟ ಕಾಲದಲ್ಲಿ ಜನರು ವನಕ್ಕೆ ಹೋಗಿ ಹೂಗೊಂಬೆಗಳನ್ನು ಮುರಿದು ತರುವ ಉತ್ಸವವು ಶ್ರಾವಸ್ತಿಯಲ್ಲಿ ನಡೆಯುತ್ತಿದ್ದುದನ್ನು ಬೌದ್ಧರ ಅವದಾನಶತಕವು ಹೇಳುತ್ತದೆ. ಮನೆಗೆ ಕೊಂಬೆ ತರುವ ಹೆಣ್ಣೇ ಕೊನೆಗೆ ದೇವಾಲಯದ ಕಂಬಕ್ಕೆ ಒರಗಿದ ಶಿಲಾಬಾಲಿಕೆಯಾದಳು.

ಇಲ್ಲಿ ಇತಿಹಾಸವು ನಮಗೆ ಒಂದು ಸೂಕ್ಷ್ಮವನ್ನು ತಿಳಿಸುತ್ತದೆ. ಶಾಲವೃಕ್ಷವು ನಮ್ಮ ಸೀಮೆಯ ಮರವಲ್ಲ. ಅದು ಹಿಮಾಲಯದ ತಪ್ಪಲಿನ ಮತ್ತು ಪೂರ್ವಭಾರತದ ಕಾಡುಗಳದು. ಹೆಸರು ಮಾತ್ರ ಇಷ್ಟು ದೂರ ನಡೆದು ಬಂದಿತು, ಮರವು ಬರಲಿಲ್ಲ. ಇಲ್ಲಿಯ ರೂವಾರಿಗಳು ಆ ಕೊರತೆಗೆ ಅಂಜದೆ, ತಮ್ಮ ಕಣ್ಣಿಗೆ ಒಪ್ಪಿದ ಬಳ್ಳಿಯನ್ನೂ ಎಲೆಯನ್ನೂ ಹಣ್ಣನ್ನೂ ಅವಳ ತಲೆಯ ಮೇಲೆ ಹಬ್ಬಿಸಿದರು. ಕ್ರಿ. ಶ. 1246ರಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ ಬೊಮ್ಮಣ್ಣ ದಂಡನಾಯಕನು ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದಾಗ, ಬೈಚೋಜ ಮಲ್ಲಿತಮ್ಮರೆಂಬ ಶಿಲ್ಪಿಗಳು ಗೋಡೆಯ ದೇವತಾಮೂರ್ತಿಗಳ ಮೇಲೂ ಇಂತಹ ಎಲೆಬಳ್ಳಿಗಳ ತೋರಣವನ್ನೇ ಬಾಗಿಸಿದರು. ಹೊರಗಿನಿಂದ ಬಂದ ಕಲ್ಪನೆಯನ್ನು ತಮ್ಮ ಮಣ್ಣಿನ ಹಸಿರಿನಿಂದ ತುಂಬಿಕೊಳ್ಳುವ ಈ ಶಕ್ತಿಯೇ ಒಂದು ನಾಡಿನ ಅಭಿರುಚಿಗೆ ಪ್ರಮಾಣ.

ಅದೇ ತಾಲ್ಲೂಕಿನಲ್ಲಿ ಇದಕ್ಕೆ ಪ್ರತಿಯಾದ ಇನ್ನೊಂದು ಚಿತ್ರವೂ ಉಂಟು. ಶ್ರವಣಬೆಳಗೊಳದಲ್ಲಿ ಸುಮಾರು ಕ್ರಿ. ಶ. 981ರಲ್ಲಿ ಚಾವುಂಡರಾಯನು ನಿಲ್ಲಿಸಿದ ಗೊಮ್ಮಟಮೂರ್ತಿಯ ಕಾಲುಗಳನ್ನೂ ತೋಳುಗಳನ್ನೂ ಮಾಧವೀಲತೆಯು ಸುತ್ತಿಕೊಂಡಿದೆ. ಮದನಿಕೆಯು ಕೊಂಬೆಯ ಬಳಿಗೆ ಹೋದವಳು. ಬಾಹುಬಲಿಯ ಬಳಿಗೆ ಬಳ್ಳಿಯೇ ಬಂದಿದೆ. ಅಲಂಕಾರವೆಲ್ಲವನ್ನೂ ತ್ಯಜಿಸಿ ನಿಂತವನಿಗೂ ಶಿಲ್ಪಿಯು ಒಂದು ಬಳ್ಳಿಯನ್ನು ಉಳಿಸಿಕೊಟ್ಟನೆಂದರೆ, ಹಸಿರಿಗೆ ನಮ್ಮವರು ಆಭರಣಗಳಿಗಿಂತ ಬೇರೆಯಾದ ಸ್ಥಾನವನ್ನು ಕೊಟ್ಟಿದ್ದರೆಂದು ಊಹಿಸುವುದು ತಪ್ಪಾಗಲಾರದು.

ದೇವಾಲಯದಿಂದ ಈಗ ಮನೆಗೆ ಬರೋಣ. ಮನೆಯ ಸಿಂಗಾರವು ಕಲ್ಲಿನಲ್ಲಿ ಉಳಿಯುವುದಿಲ್ಲ. ಅದು ಉಳಿದಿರುವುದು ಆಚಾರದಲ್ಲಿ. ಯುಗಾದಿಗೆ ಮಾವು ಮತ್ತು ಬೇವು. ಬೆದ್ದಲು ಸೀಮೆಯಾದ ಚನ್ನರಾಯಪಟ್ಟಣದ ಕಡೆ ಹೂಬಿಟ್ಟ ಬೇವು ಬೀದಿಯಲ್ಲಿಯೇ ದೊರೆಯುವುದು. ಮಳೆ ಹೆಚ್ಚಾದ ಅರಕಲಗೂಡಿನ ಪಶ್ಚಿಮಭಾಗದಲ್ಲಿ ಅದನ್ನು ಹುಡುಕಿ ತರಬೇಕು. ಬೇಸಿಗೆಯ ಮದುವೆಗಳಿಗೆ ಹಸಿರು ಚಪ್ಪರ. ಅದಕ್ಕೆ ಅತ್ತಿಯಂತಹ ಹಾಲುಮರದ ಕೊಂಬೆಯನ್ನು ನೆಟ್ಟು ಪೂಜಿಸಿ, ತೆಂಗಿನ ಗರಿಯನ್ನೂ ಹೊಂಗೆಯ ಸೊಪ್ಪನ್ನೂ ಹೊದಿಸುವರು. ಹೇಮಾವತಿ ಕಾವೇರಿಗಳ ದಂಡೆಯಲ್ಲಿ ಹೊಂಗೆ, ಅತ್ತಿ, ಹೊಳೆಮತ್ತಿಗಳು ಸಹಜವಾಗಿ ಬೆಳೆಯುವುವು. ಹೊಂಗೆಯು ಹೊಸ ಎಲೆಯಿಂದ ಮಿರುಗುವ ಕಾಲವೂ ಲಗ್ನಗಳ ಕಾಲವೂ ಒಂದೇ ಆದುದರಿಂದ ಚಪ್ಪರಕ್ಕೆ ಅದಕ್ಕಿಂತ ತಂಪಾದ ಹೊದಿಕೆ ಬೇರಿಲ್ಲ. ಭಾದ್ರಪದದ ಗಣೇಶನಿಗೆ 21 ಬಗೆಯ ಪತ್ರೆಗಳು. ಅವುಗಳನ್ನು ಕೂಡಿಸಲು ಹೊರಟ ಮಕ್ಕಳಿಗೆ ಬೇಲಿಯ ಗಿಡಗಳ ಪರಿಚಯವು ತಾನಾಗಿ ಆಗುತ್ತಿತ್ತು. ವಿಜಯದಶಮಿಗೆ ಬನ್ನಿ, ದೀಪಾವಳಿಗೆ ರಾಗಿಯ ಹೊಲದ ಅಕ್ಕಡಿಸಾಲಿನಿಂದ ತಂದ ಹುಚ್ಚೆಳ್ಳಿನ ಹಳದಿ ಹೂ, ಎಲ್ಲ ಹಬ್ಬಗಳಿಗೂ ಬಾಗಿಲ ಎರಡು ಪಕ್ಕಗಳಲ್ಲಿ ಬಾಳೆಯ ಕಂದು.

ಈ ಪಟ್ಟಿಯನ್ನು ಪರಿಶೀಲಿಸಿದರೆ ಎರಡು ಅಂಶಗಳು ಸ್ಪಷ್ಟವಾಗುವುವು. ಒಂದನೆಯದು, ಪ್ರತಿಯೊಂದು ಕೊಂಬೆಗೂ ಒಂದು ತಿಥಿಯುಂಟು; ಗೋಡೆಯ ಪಂಚಾಂಗವನ್ನು ನೋಡದವನೂ ಬಾಗಿಲನ್ನು ನೋಡಿ ಮಾಸವನ್ನು ಹೇಳಬಹುದಾಗಿತ್ತು. ಎರಡನೆಯದು, ಈ ಸಿಂಗಾರಕ್ಕೆ ಮರಗಳ ತಿಳಿವಳಿಕೆಯು ಅಗತ್ಯವಾಗಿತ್ತು. ಕ್ರಿ. ಶ. 1025ರಲ್ಲಿ ರಚಿತವಾದ ಕನ್ನಡದ ಲೋಕೋಪಕಾರವೆಂಬ ಗ್ರಂಥದಲ್ಲಿ ಮನೆಯ ವಾಸ್ತು, ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಅಡುಗೆ ಇವೆಲ್ಲವೂ ಒಟ್ಟಿಗೆ ಬಂದಿರುವುವು. ಇದನ್ನು ಬರೆದ ಚಾವುಂಡರಾಯನು ಬೆಳಗೊಳದ ಚಾವುಂಡರಾಯನಲ್ಲ, ಅವನ ತರುವಾಯದವನು. ಮನೆ ಕಟ್ಟುವ ವಿದ್ಯೆಯನ್ನೂ ಮರ ಬೆಳೆಸುವ ವಿದ್ಯೆಯನ್ನೂ ಒಬ್ಬನೇ ಗೃಹಸ್ಥನು ತಿಳಿದಿರಬೇಕೆಂಬುದು ಆ ಕಾಲದವರ ಎಣಿಕೆ.

ಜಪಾನಿನ ಕಲೆಯೊಡನೆ ಇದನ್ನು ಹೋಲಿಸಿ ನೋಡುವುದು ಉಚಿತ. ಅಲ್ಲಿಯೂ ಅದು ಬುದ್ಧನಿಗೆ ಹೂವನ್ನು ಅರ್ಪಿಸುವ ಪದ್ಧತಿಯಿಂದಲೇ ಬೆಳೆಯಿತು. ಕ್ಯೋಟೋ ನಗರದ ಇಕೆನೊಬೊ ಸೆಂಕೈ ಎಂಬ ಅರ್ಚಕನು 1462ರಲ್ಲಿ ಜೋಡಿಸಿದ ಹೂಗೊಂಬೆಗಳನ್ನು ನೋಡಲು ಪಟ್ಟಣದ ರಸಿಕರು ನೆರೆದರೆಂದು ಆ ಕಾಲದ ದಿನಚರಿಯೊಂದು ತಿಳಿಸುತ್ತದೆ. ಮುಂದೆ ಅದಕ್ಕೆ ಗುರುಪರಂಪರೆಗಳೂ ಗ್ರಂಥಗಳೂ ನಿಯಮಗಳೂ ಹುಟ್ಟಿ, ಅದು ಒಂದು ಶಾಸ್ತ್ರವಾಯಿತು. ನಮ್ಮಲ್ಲಿ ಹಾಗಾಗಲಿಲ್ಲ. ಕಲಶವನ್ನಿಡುವ ಕೈಗೆ ಕಲಾವಿದೆಯ ಹೆಸರು ಬರಲಿಲ್ಲ; ತೋರಣ ಕಟ್ಟುವವನು ಗುರುವೆನಿಸಲಿಲ್ಲ. ಅದು ಎಲ್ಲರ ಕೆಲಸವಾಗಿ ಉಳಿಯಿತು. ಇದರಿಂದ ಲಾಭವೂ ಉಂಟು, ನಷ್ಟವೂ ಉಂಟು. ಬಡವನ ಗುಡಿಸಲಿನ ಬಾಗಿಲಿಗೂ ಅದು ಸಂದಿತೆಂಬುದು ಲಾಭ. ಕಾಪಾಡುವ ಗುರುಕುಲವಿಲ್ಲದುದರಿಂದ, ಎಲ್ಲರೂ ಒಟ್ಟಿಗೆ ಮರೆತರೆ ನೆನಪಿಸುವವರೇ ಇಲ್ಲವೆಂಬುದು ನಷ್ಟ.

ಆ ಮರೆವು ಈಗ ಆರಂಭವಾಗಿದೆಯೆಂದು ಹೇಳದೆ ವಿಧಿಯಿಲ್ಲ. ಹಿಂದೆ ಊರಿನ ಅಂಚಿನ ಗುಂಡುತೋಪು ಎಲ್ಲರ ತೋರಣಕ್ಕೂ ಸೊಪ್ಪನ್ನು ಒದಗಿಸುತ್ತಿತ್ತು. ಮಾವು, ನೇರಳೆ, ಹಿಪ್ಪೆ, ಹೊಂಗೆ, ಹುಣಿಸೆಗಳ ಆ ತೋಪು ದಾರಿಗನಿಗೆ ನೆರಳು, ದನಕ್ಕೆ ತಂಗುದಾಣ, ಊರಿಗೆ ಹಸಿರಿನ ಉಗ್ರಾಣ. ಸರ್ಕಾರದ ಕಂದಾಯದ ದಾಖಲೆಗಳಲ್ಲಿ 'ಗುಂಡುತೋಪು' ಎಂಬ ಹೆಸರು ಇಂದಿಗೂ ಉಳಿದಿದೆ. ಹೆಸರಿರುವ ಕಡೆಗಳಲ್ಲೆಲ್ಲ ಮರಗಳು ಉಳಿದಿಲ್ಲ. ಬಾಗಿಲುಗಳ ಮೇಲಾದರೋ ಪ್ಲಾಸ್ಟಿಕ್ಕಿನ ಮಾವಿನೆಲೆಯು ಬಂದು ಕುಳಿತಿದೆ. 2016ರಲ್ಲಿ ಕರ್ನಾಟಕ ಸರ್ಕಾರವು ನಿಷೇಧಿಸಿದ ಪ್ಲಾಸ್ಟಿಕ್ ಪದಾರ್ಥಗಳಲ್ಲಿ ಚೀಲ, ತಟ್ಟೆ, ಲೋಟಗಳೊಡನೆ ತೋರಣವೂ ಸೇರಿತ್ತು. ಆದರೂ ಅಂಗಡಿಗಳಲ್ಲಿ ಅದರ ವ್ಯಾಪಾರವು ನಿಂತಿಲ್ಲ. ಕಾರಣವು ಸುಲಭ. ಒಮ್ಮೆ ಕಟ್ಟಿದರೆ ಅದು ಬಾಡುವುದಿಲ್ಲ. ಮರ ಹತ್ತುವವರನ್ನು ಹುಡುಕಬೇಕಾಗಿಲ್ಲ. ಪೇಟೆಯಲ್ಲಿ ವಾಸಿಸುವವರಿಗೆ ಮಾವಿನ ಮರವಾದರೂ ಎಲ್ಲಿದೆ? ಅವರ ಕಷ್ಟವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ.

ಆದರೆ ಬಾಡದಿರುವಿಕೆಯು ನಿಜವಾಗಿ ಗುಣವೇ ಎಂಬುದನ್ನು ವಿಚಾರಿಸಬೇಕು. ಹಾಸನದ ಜನರಿಗೆ ಈ ಪ್ರಶ್ನೆಯು ಹೊಸದಲ್ಲ. ಹಾಸನಾಂಬೆಯ ಗುಡಿಯು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದು, ಬಲಿಪಾಡ್ಯಮಿಯ ತರುವಾಯ ಮುಚ್ಚುವುದು. ಮುಚ್ಚುವಾಗ ಹಚ್ಚಿಟ್ಟ ದೀಪವು ಆರದೆ, ಮುಡಿಸಿದ ಹೂವು ಬಾಡದೆ ಮುಂದಿನ ವರ್ಷದವರೆಗೆ ಇರುವುದೆಂದು ಭಕ್ತರು ನಂಬಿರುವರು. ಬಾಡದ ಹೂವು ದೇವಿಯ ಮಹಿಮೆಯೆಂದು ಜನರು ಕೈಮುಗಿಯುವುದು, ತಮ್ಮ ಮನೆಯ ಹೂವು ಸಂಜೆಗೆ ಬಾಡುವುದೆಂಬುದನ್ನು ಅವರು ಬಲ್ಲುದರಿಂದಲೇ ಅಲ್ಲವೆ? ಮನುಷ್ಯರ ಬಾಗಿಲಿಗೆ ಬಾಡುವ ತಳಿರೇ ಒಪ್ಪುವುದು. ಅದು ಒಣಗಿತೆಂದರೆ ಹಬ್ಬವು ಮುಗಿಯಿತೆಂದರ್ಥ. ಮತ್ತೆ ಕಟ್ಟಬೇಕೆಂದರೆ ಮತ್ತೆ ಮರದ ಬಳಿಗೆ ಹೋಗಬೇಕು. ಮರವು ಅಲ್ಲಿ ಇರಬೇಕೆಂದರೆ ಯಾರಾದರೂ ಅದನ್ನು ನೆಟ್ಟಿರಬೇಕು. ಒಣಗಿದ ತೋರಣವು ಹೀಗೆ ನಮ್ಮನ್ನು ತೋಪಿನವರೆಗೆ ಕರೆದುಕೊಂಡು ಹೋಗುತ್ತಿತ್ತು. ವರ್ಷವಿಡೀ ಧೂಳು ಹಿಡಿದು ತೂಗುವ ಎಲೆಯು ನಮ್ಮನ್ನು ಎಲ್ಲಿಗೂ ಕರೆಯುವುದಿಲ್ಲ.

ಆದಕಾರಣ ಸಿಕ್ಕಸಿಕ್ಕ ಮರವನ್ನು ಬೋಳಿಸಿ ಮನೆಗಳನ್ನು ತುಂಬಬೇಕೆಂದು ಈ ಲೇಖನದ ಅಭಿಪ್ರಾಯವಲ್ಲ. ಹಬ್ಬದ ಮುಂದಿನ ದಿನ ಪೇಟೆಗೆ ಗಾಡಿಗಟ್ಟಲೆ ಬಂದು ಮರುದಿನ ಚರಂಡಿ ಸೇರುವ ಕೊಂಬೆಗಳನ್ನು ಕಂಡವರಾರೂ ಹಾಗೆ ಹೇಳಲಾರರು. ಹಿತ್ತಿಲಿರುವ ಮನೆಯಲ್ಲಿ ಒಂದು ಮಾವು, ಪಾಠಶಾಲೆಯ ಬಯಲಿನಲ್ಲಿ ಒಂದು ಅತ್ತಿ, ಕೆರೆಯ ಏರಿಯ ಹಿಂದೆ ನಾಲ್ಕು ಹೊಂಗೆ, ಇಷ್ಟನ್ನು ನಮ್ಮ ಊರುಗಳ ಗೃಹಸ್ಥರೂ ಸಂಘಗಳೂ ನೆಟ್ಟು ನೀರೆರೆದರೆ ಮುಂದಿನ ತಲೆಯವರ ತೋರಣಕ್ಕೆ ಸಾಕಾಗುವುದು. ಅಲ್ಲಿಯವರೆಗೆ, ಹಿತ್ತಾಳೆಯ ಚೆಂಬೊಂದರಲ್ಲಿ ನೀರು ತುಂಬಿ, ಆ ಋತುವಿನಲ್ಲಿ ದೊರೆಯುವ ಒಂದೇ ಒಂದು ಕೊಂಬೆಯನ್ನು ನಡುಮನೆಯಲ್ಲಿ ನಿಲ್ಲಿಸಬಹುದು. ಮಕ್ಕಳು ಅದರ ಹೆಸರೇನೆಂದು ಕೇಳುವರು. ಉತ್ತರ ಹೇಳಲು ಹಿರಿಯರು ಸಿದ್ಧರಾಗಿದ್ದರೆ ಸಾಕು.