ಹೃದಯಾಘಾತದ ನಂತರದ ಖಿನ್ನತೆ: ‘ಧೈರ್ಯ ತಂದುಕೊಂಡರೆ ಸಾಕು’ ಎಂಬುದು ನಿಜವೇ?

“ಸ್ಟೆಂಟ್ ಹಾಕಿದ್ದಾಯ್ತಲ್ಲ, ಇನ್ನು ಮನಸ್ಸು ಗಟ್ಟಿ ಮಾಡಿಕೊಂಡರೆ ಸಾಕು” ಎಂಬ ಮಾತು ಮನೆಯಲ್ಲೂ ವಾಟ್ಸಾಪ್‌ನಲ್ಲೂ ಸಾಮಾನ್ಯ. ಆದರೆ ಇದು ಪೂರ್ತಿ ನಿಜವಲ್ಲ.

ನಿಜಾಂಶವೇನು?
ಹೃದಯಾಘಾತವಾದ ಸುಮಾರು 5 ಜನರಲ್ಲಿ ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಇದು ಪುಕ್ಕಲುತನವಲ್ಲ, ಕಾಯಿಲೆ. ಖಿನ್ನತೆ ಇರುವವರು ಮಾತ್ರೆ ತಪ್ಪಿಸುವುದು, ವಾಕಿಂಗ್ ಬಿಡುವುದು, ಮತ್ತೆ ಸಿಗರೇಟು ಹಿಡಿಯುವುದು ಹೆಚ್ಚು. ಇದರಿಂದ ಹೃದಯಕ್ಕೂ ಅಪಾಯ. ಅದಕ್ಕೇ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2014ರಲ್ಲಿ ಖಿನ್ನತೆಯನ್ನೂ ಇಂಥ ರೋಗಿಗಳ ಅಪಾಯದ ಅಂಶವೆಂದು ಪರಿಗಣಿಸಲು ಶಿಫಾರಸು ಮಾಡಿತು.

ಗುರುತಿಸುವುದು ಹೇಗೆ?
ಸುಸ್ತು, ನಿದ್ದೆಗೇಡು ಹೃದಯದ ತೊಂದರೆಯಿಂದಲೂ ಬರಬಹುದು. ಆದರೆ ಎರಡು ವಾರಕ್ಕೂ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿ ಇಲ್ಲ, ‘ನಾನು ಎಲ್ಲರಿಗೂ ಭಾರ’ ಎನಿಸುತ್ತಿದೆ ಎಂದರೆ ವೈದ್ಯರಿಗೆ ತಿಳಿಸಿ.

ಚಿಕಿತ್ಸೆ ಇದೆಯೇ?
ಇದೆ. ಆಪ್ತಸಮಾಲೋಚನೆ, ವೈದ್ಯರು ಹೇಳಿದಷ್ಟು ವ್ಯಾಯಾಮ, ಬೇಕಿದ್ದರೆ ಔಷಧಿ. ಖಿನ್ನತೆಯ ಕೆಲವು ಹಳೆಯ ಔಷಧಿಗಳು ಹೃದಯ ಬಡಿತ ಏರುಪೇರು ಮಾಡಬಲ್ಲವು. ಹಾಗಾಗಿ ಹೃದಯದ ಕಾಯಿಲೆ ಇರುವುದನ್ನು ಮನೋವೈದ್ಯರಿಗೆ ತಪ್ಪದೆ ಹೇಳಿ. ಸ್ವಂತವಾಗಿ ಮಾತ್ರೆ ಶುರು ಮಾಡಬೇಡಿ, ನಿಲ್ಲಿಸಲೂಬೇಡಿ.

ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತಾಡಬಹುದು. ‘ಧೈರ್ಯವಾಗಿರಿ’ ಎಂಬ ಸಂದೇಶದ ಜೊತೆ ಈ ಸಂಖ್ಯೆಯನ್ನೂ ಫಾರ್ವರ್ಡ್ ಮಾಡಿ ಎಂಬುದು ನಮ್ಮ ಕೋರಿಕೆ.