ಟಂಕಸಾಲೆಯಿಂದ ಪ್ರಯೋಗಶಾಲೆಗೆ: ಅನುಮಾಪನ ವಿಧಾನ ಬೆಳೆದ ಬಗೆ

ಒಂದು ಪದಾರ್ಥದಲ್ಲಿ ಏನೇನಿದೆ ಎಂದು ಗುರುತಿಸುವುದು ಗುಣಾತ್ಮಕ ವಿಶ್ಲೇಷಣೆಯಾದರೆ, ಅದರಲ್ಲಿನ ಪ್ರತಿಯೊಂದು ಘಟಕವೂ ಎಷ್ಟೆಷ್ಟಿದೆ ಎಂದು ಅಳೆದು ಹೇಳುವುದು ಪರಿಮಾಣಾತ್ಮಕ ವಿಶ್ಲೇಷಣೆ. ಈ ಎರಡನೆಯ ಶಾಖೆಯಲ್ಲಿ ವಿದ್ಯಾರ್ಥಿಗಳು ಮೊದಲು ಕಲಿಯುವ ವಿಧಾನ ಅನುಮಾಪನ. ಸಾರತೆ ತಿಳಿದಿರುವ ದ್ರಾವಣವೊಂದನ್ನು, ಎಂದರೆ ಪ್ರಮಾಣಿತ ದ್ರಾವಣವನ್ನು, ಪರೀಕ್ಷಿಸಬೇಕಾದ ದ್ರಾವಣಕ್ಕೆ ಕ್ರಿಯೆ ಮುಗಿಯುವವರೆಗೆ ಅಳೆದು ಸೇರಿಸಿ, ಖರ್ಚಾದ ಗಾತ್ರದಿಂದ ಲೆಕ್ಕ ಹಾಕುವುದೇ ಅದರ ಕ್ರಮ. ಈ ವಿಧಾನದ ಮೂಲ ನಿಯಮಗಳಲ್ಲಿ ಬಹಳಷ್ಟು ರೂಪುಗೊಂಡದ್ದು ಹದಿನೆಂಟು ಮತ್ತು ಹತ್ತೊಂಬತ್ತನೆಯ ಶತಮಾನಗಳ ಯುರೋಪಿನ ವ್ಯಾಪಾರ ಮತ್ತು ಉದ್ದಿಮೆಗಳಲ್ಲಿ. ಕೊಳ್ಳುವವನೂ ಮಾರುವವನೂ ಒಪ್ಪಬಹುದಾದ ಅಂಕಿಯೊಂದು ಅಲ್ಲಿ ಬೇಗನೆ ಸಿಗಬೇಕಾಗಿತ್ತು.

1729ರಲ್ಲಿ ಫ್ರಾನ್ಸಿನ ಕ್ಲೋದ್ ಜೋಸೆಫ್ ಜೆಫ್ರುವಾ ವಿನೆಗರಿನ ತೀಕ್ಷ್ಣತೆಯನ್ನು ತಿಳಿಯಲು, ನೊರೆಯುಕ್ಕುವುದು ನಿಲ್ಲುವವರೆಗೆ ಅದಕ್ಕೆ ಪೊಟ್ಯಾಸಿಯಂ ಕಾರ್ಬೊನೇಟ್ ಪುಡಿಯನ್ನು ಸೇರಿಸಿದನು. 1756ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಹೋಮ್, ನಾರುಬಟ್ಟೆಯನ್ನು ಚಲುವೆ ಮಾಡುವವರು ಬಳಸುತ್ತಿದ್ದ ಪೊಟ್ಯಾಷಿನ ಗುಣಮಟ್ಟವನ್ನು ಪರೀಕ್ಷಿಸಲು ದುರ್ಬಲ ನೈಟ್ರಿಕ್ ಆಮ್ಲವನ್ನು ಚಮಚದಲ್ಲಿ ಎಣಿಸಿ ಹಾಕಿದನು. ಚಮಚ ಒರಟು ಅಳತೆಯೇ ಆದರೂ, ತೂಕದ ಬದಲು ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಮಾರ್ಗ ಅದರಿಂದ ತೆರೆಯಿತು. ಕ್ಲೋರಿನ್ ಬಳಕೆಗೆ ಬಂದ ಮೇಲೆ ನಿಖರತೆ ಇನ್ನಷ್ಟು ಅಗತ್ಯವಾಯಿತು. ಚಲುವೆ ದ್ರಾವಣದ ಸಾರತೆ ಹೆಚ್ಚಾದರೆ ಬಟ್ಟೆ ಸವೆಯುತ್ತಿತ್ತು, ಕಡಿಮೆಯಾದರೆ ಬಿಳುಪು ಬರುತ್ತಿರಲಿಲ್ಲ. ರುವಾನ್ ನಗರದ ಫ್ರಾಂಸ್ವಾ ದೆಕ್ರ್ವಾಜಿಲ್ 1795ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಗಂಧಕಾಮ್ಲದಲ್ಲಿ ಕರಗಿಸಿದ ನೀಲಿಯ ಬಣ್ಣ ಎಷ್ಟರ ಮಟ್ಟಿಗೆ ಹಾರಿಹೋಗುತ್ತದೆ ಎಂಬುದನ್ನು ಗೀಟು ಹಾಕಿದ ಗಾಜಿನ ನಳಿಗೆಯಿಂದ ಅಳೆದು ಆ ದ್ರಾವಣದ ಶಕ್ತಿಯನ್ನು ನಿರ್ಧರಿಸಲಾಗುತ್ತಿತ್ತು. ಆದರೆ ನೀಲಿಯ ಗುಣಮಟ್ಟವೇ ಒಂದೇ ತೆರನಾಗಿರದ ಕಾರಣ, 1835ರಲ್ಲಿ ಜೋಸೆಫ್ ಲೂಯಿ ಗೇ-ಲ್ಯೂಸಾಕ್ ಅದರ ಸ್ಥಾನಕ್ಕೆ ಆರ್ಸೆನಿಕ್‌ನ ಆಕ್ಸೈಡನ್ನು ತಂದನು. ಶುದ್ಧವಾಗಿ ದೊರೆಯುವ, ಗಾಳಿಯಲ್ಲಿ ಕೆಡದ, ನೇರವಾಗಿ ತೂಗಬಹುದಾದ ಇಂಥ ವಸ್ತುವನ್ನೇ ಇಂದು ಪ್ರಾಥಮಿಕ ಪ್ರಮಾಣಕ ಎನ್ನುತ್ತಾರೆ.

ಗೇ-ಲ್ಯೂಸಾಕ್‌ನ ಅತ್ಯಂತ ನಿಖರವಾದ ಕೆಲಸ ನಡೆದದ್ದು ಪ್ಯಾರಿಸ್ಸಿನ ಟಂಕಸಾಲೆಯಲ್ಲಿ. ಅಲ್ಲಿ ಬೆಳ್ಳಿಯ ಚೊಕ್ಕತನವನ್ನು ಬೆಂಕಿಯಿಂದ ಪರೀಕ್ಷಿಸುತ್ತಿದ್ದರು: ಮಿಶ್ರಲೋಹವನ್ನು ಸೀಸದೊಡನೆ ಮೂಳೆಬೂದಿಯ ಬಟ್ಟಲಿನಲ್ಲಿ ಕಾಯಿಸಿದಾಗ ಸೀಸವೂ ತಾಮ್ರವೂ ಆಕ್ಸೈಡುಗಳಾಗಿ ಬಟ್ಟಲಿಗೆ ಇಂಗುತ್ತಿದ್ದವು, ಉಳಿದ ಬೆಳ್ಳಿಯ ಗುಂಡನ್ನು ತೂಗಲಾಗುತ್ತಿತ್ತು. ಸ್ವಲ್ಪ ಬೆಳ್ಳಿಯೂ ಇಂಗಿಹೋಗುತ್ತಿದ್ದುದರಿಂದ, ಸಾವಿರಕ್ಕೆ 900 ಭಾಗ ಎಂದು ಲೆಕ್ಕಕ್ಕೆ ಬಂದ ನಾಣ್ಯದಲ್ಲಿ ನಿಜವಾಗಿ ಅದಕ್ಕಿಂತ ಹೆಚ್ಚು ಬೆಳ್ಳಿ ಇರುತ್ತಿತ್ತು. ಆ ನಷ್ಟ ಸರ್ಕಾರದ ಬೊಕ್ಕಸದ ಮೇಲೆ ಬೀಳುತ್ತಿತ್ತು. 1832ರಲ್ಲಿ ಗೇ-ಲ್ಯೂಸಾಕ್ ಬೆಂಕಿಯ ಬದಲು ಉಪ್ಪಿನ ದ್ರಾವಣವನ್ನು ಬಳಸುವ ವಿಧಾನವನ್ನು ಪ್ರಕಟಿಸಿದನು. 100 ಘನ ಸೆಂಟಿಮೀಟರ್ ದ್ರಾವಣವು ಸರಿಯಾಗಿ 1 ಗ್ರಾಂ ಬೆಳ್ಳಿಯನ್ನು ಪ್ರಕ್ಷೇಪಿಸುವಂತೆ, ಎಂದರೆ ಕರಗದ ಸಿಲ್ವರ್ ಕ್ಲೋರೈಡಾಗಿ ಬೇರ್ಪಡಿಸುವಂತೆ, ಅದನ್ನು ತಯಾರಿಸಲಾಗಿತ್ತು. ಸುಮಾರು 1 ಗ್ರಾಂ ಬೆಳ್ಳಿಯಿರುವಷ್ಟು ಲೋಹವನ್ನು ಸೀಸೆಯಲ್ಲಿ ನೈಟ್ರಿಕ್ ಆಮ್ಲದಿಂದ ಕರಗಿಸಿ, ಪಿಪೆಟ್ಟಿನಿಂದ ಆ 100 ಘನ ಸೆಂಟಿಮೀಟರನ್ನು ಒಮ್ಮೆಗೇ ಸೇರಿಸಿ, ಮೊಸರಿನಂತೆ ಕಟ್ಟಿದ ಬಿಳಿಯ ಪ್ರಕ್ಷೇಪ ತಳಕ್ಕಿಳಿದು ಮೇಲಿನ ದ್ರವ ತಿಳಿಯಾಗುವವರೆಗೆ ಸೀಸೆಯನ್ನು ಜೋರಾಗಿ ಕುಲುಕಬೇಕಾಗಿತ್ತು. ಬಳಿಕ ಹತ್ತರಷ್ಟು ತೆಳುವಾದ ದ್ರಾವಣವನ್ನು ಒಂದೊಂದು ಘನ ಸೆಂಟಿಮೀಟರಿನಂತೆ ಹಾಕುತ್ತ, ಹೊಸದಾಗಿ ಮಸುಕು ಮೂಡುತ್ತದೆಯೇ ಎಂದು ನೋಡಬೇಕಾಗಿತ್ತು. ಅದರ ಒಂದು ಘನ ಸೆಂಟಿಮೀಟರು ಬೆಳ್ಳಿಯ 1 ಮಿಲಿಗ್ರಾಮಿಗೆ, ಎಂದರೆ ಸಾವಿರದ ಒಂದು ಭಾಗಕ್ಕೆ, ಸಮನಾಗಿತ್ತು. ದ್ರಾವಣದ ಗಾತ್ರ ಉಷ್ಣತೆಯೊಡನೆ ಬದಲಾಗುವುದರಿಂದ ಅದಕ್ಕೆ ತಿದ್ದುಪಡಿಯೂ ಇತ್ತು. ತಕ್ಕಡಿ ಇಲ್ಲಿಯೂ ತಪ್ಪಲಿಲ್ಲ. ಆದರೆ ಪ್ರತಿ ಮಾದರಿಯಿಂದ ಬೆಳ್ಳಿಯನ್ನು ಬೇರ್ಪಡಿಸಿ ತೂಗುವ ಬದಲು, ಪ್ರಮಾಣಿತ ದ್ರಾವಣವನ್ನು ತಯಾರಿಸುವಾಗಲೂ ಮಾದರಿಯನ್ನು ತೆಗೆದುಕೊಳ್ಳುವಾಗಲೂ ತೂಗಿದರೆ ಸಾಕಾಯಿತು.

ಜರ್ಮನಿಯ ಔಷಧತಜ್ಞ ಫ್ರೀಡ್ರಿಶ್ ಮೋರ್ ಈ ಕೌಶಲವನ್ನು ಎಲ್ಲರ ಕೈಗೆಟುಕುವಂತೆ ಮಾಡಿದನು. ರಬ್ಬರ್ ಕೊಳವೆಯನ್ನು ಸ್ಪ್ರಿಂಗ್ ಚಿಮಟದಿಂದ ಬಿಗಿದ ಅವನ ಬ್ಯುರೆಟ್ಟಿನಿಂದ ದ್ರಾವಣವನ್ನು ಹನಿ ಹನಿಯಾಗಿ ಬಿಡಬಹುದಾಗಿತ್ತು. 1855ರಲ್ಲಿ ಹೊರಬಂದ ಅವನ ಅನುಮಾಪನ ಗ್ರಂಥ ಚದುರಿದ್ದ ವಿಧಾನಗಳನ್ನು ಒಂದು ಶಾಸ್ತ್ರವಾಗಿ ಜೋಡಿಸಿತು. ಕ್ಲೋರೈಡನ್ನು ಅಳೆಯುವಾಗ ಪೊಟ್ಯಾಸಿಯಂ ಕ್ರೋಮೇಟನ್ನು ಸೂಚಕವಾಗಿ ಸೇರಿಸುವ ವಿಧಾನ ಇಂದಿಗೂ ಅವನ ಹೆಸರಿನಲ್ಲಿದೆ: ಕ್ಲೋರೈಡೆಲ್ಲ ಮುಗಿದ ಮೇಲೆ ಹೆಚ್ಚುವರಿಯಾಗಿ ಬಿದ್ದ ಬೆಳ್ಳಿಯ ದ್ರಾವಣವು ಇಟ್ಟಿಗೆಗೆಂಪು ಬಣ್ಣ ತರುತ್ತದೆ. ಆ ಬಣ್ಣ ಕಣ್ಣಿಗೆ ಕಾಣುವ ಕ್ಷಣ ಅಂತ್ಯಬಿಂದು; ಕ್ಲೋರೈಡೂ ಬೆಳ್ಳಿಯೂ ನಿಜವಾಗಿ ಸರಿಸಮವಾಗುವ ಕ್ಷಣ ಸಮತುಲ್ಯ ಬಿಂದು. ಇವೆರಡರ ನಡುವಿನ ಅಂತರವೇ ಅನುಮಾಪನದ ದೋಷವಾದ್ದರಿಂದ, ಅದು ಅತ್ಯಲ್ಪವಾಗುವಂತೆ ಸೂಚಕವನ್ನು ಆರಿಸಿಕೊಳ್ಳುವುದು ವಿಶ್ಲೇಷಕನ ಮುಖ್ಯ ಜವಾಬ್ದಾರಿ.

ಆಮ್ಲ-ಕ್ಷಾರ ಸೂಚಕಗಳು ತಾವೇ ದುರ್ಬಲ ಆಮ್ಲ ಅಥವಾ ಕ್ಷಾರಗಳಾಗಿದ್ದು, ಅವುಗಳ ಅಯಾನೀಕರಣದಿಂದ ಬಣ್ಣ ಬದಲಾಗುತ್ತದೆ ಎಂಬ ವಿವರಣೆಯನ್ನು ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ವಿಶ್ಲೇಷಣಾ ರಸಾಯನಶಾಸ್ತ್ರಕ್ಕೆ ವೈಜ್ಞಾನಿಕ ತಳಹದಿ ಒದಗಿಸಿದ ತನ್ನ 1894ರ ಗ್ರಂಥದಲ್ಲಿ ನೀಡಿದನು. ಹೋಮ್ ಚಮಚ ಎಣಿಸಿ 138 ವರ್ಷಗಳು ಕಳೆದಿದ್ದ ಆ ಹೊತ್ತಿಗೆ ಪ್ರಮಾಣಿತ ದ್ರಾವಣ, ಸೂಚಕ, ತಿದ್ದುಪಡಿಗಳೆಲ್ಲ ಬಳಕೆಯಲ್ಲಿ ಸವೆದು ಹದಗೊಂಡಿದ್ದವು. ಅವು ಎಲ್ಲಿ ನಂಬಿಕೆಗೆ ಅರ್ಹ, ಎಲ್ಲಿ ಅಲ್ಲ ಎಂಬುದಕ್ಕೆ ಸಿದ್ಧಾಂತವು ಕಾರಣವನ್ನು ಒದಗಿಸಿತು.